ಎರಡನೇ ಗುಡ್ಡ

ಆ ಹುಡುಗಿಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಮಾತಾಡುವುದು ನನ್ನ ಜಾಯಮಾನವಲ್ಲ. ಅವಳು ನನಗೇನೂ ಕೆಟ್ಟದ್ದು ಮಾಡಿರಲಿಲ್ಲ. ಬೆಳಗ್ಗೆ ಬಂದ ಕೂಡಲೇ "ಅಕ್ಕ, ತಿಂಡಿ ಆಯ್ತಾ?" ಎಂದು ಕೇಳುತ್ತಿದ್ದಳು. ಸಂಜೆ ಹೊರಡುವಾಗ "ಬತ್ತೀನಿ ಕಣಕ್ಕ" ಎಂದು ಹೇಳಿಯೇ ಹೋಗುತ್ತಿದ್ದಳು. ಅಷ್ಟಕ್ಕೇ ನನ್ನ ಮೈಯೆಲ್ಲ ಉರಿಯುತ್ತಿತ್ತು.

ಮಂಡ್ಯದ ಒಂದು ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ನಾನು ಲ್ಯಾಬ್ ಟೆಕ್ನೀಷಿಯನ್. ಮನೆ ಮದ್ದೂರಿನಲ್ಲಿ, ದಿನಾ ರೈಲಿನಲ್ಲಿ ಓಡಾಟ. ಮೊದಲ ಮಹಡಿಯ ಮೂಲೆಯಲ್ಲಿ ಮೆಷಿನ್ ರೂಮ್ ಇದೆ. ಹನ್ನೊಂದು ವರ್ಷ ಆ ರೂಮಿನ ಬೀಗದ ಕೈ ನನ್ನ ಬ್ಯಾಗಿನಲ್ಲೇ ಇತ್ತು. ಅಲ್ಲಿ ಇದ್ದದ್ದು ಒಂದೇ ಮೆಷಿನ್ನು. ಅದು ಒಂದು ಚಿಟಿಕೆ ಪುಡಿಯೊಳಗೆ ಕಣ್ಣಿಗೆ ಕಾಣದ ತೂತುಗಳು ಎಷ್ಟಿವೆ, ಆ ತೂತುಗಳ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಎಷ್ಟು ಅಗಲವಾಗುತ್ತದೆ ಎಂದು ಲೆಕ್ಕ ಕೊಡುತ್ತದೆ. ಒಂದು ಗ್ರಾಂ ಒಳ್ಳೆಯ ಪುಡಿಯನ್ನು ಹಾಗೆ ಹಾಸಿದರೆ ಐದು ಗುಂಟೆ ಗದ್ದೆಯಷ್ಟಾಗುತ್ತದೆ. ಹೊಳಲಿನಲ್ಲಿ ನನ್ನ ತವರಿನವರಿಗೆ ಇದನ್ನು ಹೇಳಿದಾಗ ನಮ್ಮಣ್ಣ, "ಅಂಗಾದ್ರೆ ಒಂದ್ ಸೇರು ತಂದ್ಕೊಡು, ಬತ್ತ ನಾಟಿ ಮಾಡ್ತೀನಿ" ಎಂದು ನಕ್ಕಿದ್ದ. ಕಾಲೇಜಿನಲ್ಲಿ ಎಲ್ಲರ ಬಾಯಲ್ಲೂ ಅದು ತೂತಿನ ಮೆಷಿನ್ನೇ.

ಅದನ್ನು ಕೂರಿಸಲು ಬಂದ ಕಂಪನಿಯ ಎಂಜಿನಿಯರು ನಾಲ್ಕು ದಿನ ಕಲಿಸಿದ್ದು ನನಗೊಬ್ಬಳಿಗೇ. ಗಾಜಿನ ಕೊಳವೆಯಲ್ಲಿ ಪುಡಿ ಹಾಕಿ, ಸಂಜೆ ಬಿಸಿಗಿಟ್ಟು ಹೋದರೆ ಬೆಳಗ್ಗೆ ಹೊತ್ತಿಗೆ ಅದರೊಳಗಿನ ತೇವ, ಗಾಳಿ ಎಲ್ಲ ಹೋಗಿರಬೇಕು. ಆಮೇಲೆ ತೂಕ. ತೂಕ ಮಾಡುವಾಗ ಫ್ಯಾನು ಆರಿಸಬೇಕು, ಕಿಟಕಿ ಹಾಕಬೇಕು, ಬಾಯಿ ಮುಚ್ಚಿಕೊಂಡಿರಬೇಕು. ಆಮೇಲೆ ದ್ರವ ನೈಟ್ರೋಜನ್ನಿನ ಪಾತ್ರೆಯಲ್ಲಿ ಕೊಳವೆಯನ್ನು ಇಳಿಬಿಡಬೇಕು. ಮೆಷಿನ್ನಿನ ಪಂಪು ಕೊಂಚ ಗೊರಗುಟ್ಟಿದರೂ ಕಾರಿಡಾರಿನಲ್ಲಿದ್ದೇ ನನಗೆ ತಿಳಿಯುತ್ತಿತ್ತು. ಬೇರೆ ಕಾಲೇಜಿನ ದೊಡ್ಡ ಮೇಷ್ಟ್ರುಗಳು ಪುಡಿ ಹಿಡಿದುಕೊಂಡು ಬಂದರೆ ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ, "ಅವಳನ್ನು ಕೇಳಿ, ಅವಳಿಲ್ಲದೆ ಆ ಮೆಷಿನ್ ಕೆಮ್ಮೋದೂ ಇಲ್ಲ" ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಒಳಗೊಳಗೇ ಒಂದು ಮೊಳ ಬೆಳೆಯುತ್ತಿದ್ದೆ.

ಎರಡು ವರ್ಷದ ಹಿಂದೆ, ದಸರೆ ಕಳೆದ ಮೇಲೆ, ಎರಡನೇ ಮೆಷಿನ್ನು ಬಂತು. ಇದು ಪುಡಿಯ ಕಾಳಿನ ಗಾತ್ರ ಅಳೆಯುವಂಥದ್ದು. ನೀರಿನಲ್ಲಿ ಪುಡಿ ಕದಡಿ ಬಿಟ್ಟರೆ ಲೇಸರ್ ಬೆಳಕು ಅದರೊಳಗೆ ಹಾದು ಹೋಗಿ, ಪರದೆಯ ಮೇಲೆ ಒಂದು ಗೆರೆ ಬರೆಯುತ್ತದೆ. ಕಾಳುಗಳೆಲ್ಲ ಹೆಚ್ಚು ಕಡಿಮೆ ಒಂದೇ ಗಾತ್ರದವಾದರೆ ಗೆರೆ ಒಂದು ಸಲ ಏರಿ ಇಳಿಯುತ್ತದೆ. ನಾವದನ್ನು ಗುಡ್ಡ ಎನ್ನುತ್ತೇವೆ. ಎರಡು ಗುಡ್ಡ ಎದ್ದಿತೆಂದರೆ ಪುಡಿಯಲ್ಲಿ ಎರಡು ಬಗೆಯ ಕಾಳಿದೆ, ಏನೋ ಬೆರೆತಿದೆ ಎಂದು ಅರ್ಥ.

ಮೆಷಿನ್ನಿನ ಜೊತೆಗೇ ಅವಳೂ ಬಂದಳು. ಮಳವಳ್ಳಿ ಕಡೆಯವಳು, ಎಂಎಸ್ಸಿ ಮುಗಿಸಿದ್ದಳು, ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು. ಮೇಡಂಗೆ ಒಂದು ಸಂಶೋಧನಾ ಯೋಜನೆ ಸಿಕ್ಕಿತ್ತು. ಕಬ್ಬಿನ ಸಿಪ್ಪೆ ಸುಟ್ಟ ಬೂದಿಯಿಂದ ಕ್ಯಾಟಲಿಸ್ಟ್, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವ ಪುಡಿ ತಯಾರಿಸಿ, ಅದನ್ನು ಬಳಸಿ ಹೊಂಗೆ ಎಣ್ಣೆಯನ್ನು ಡೀಸೆಲಿನಂತೆ ಮಾಡುವುದು. ಆ ಯೋಜನೆಗೆಂದೇ ಅವಳನ್ನು ತೆಗೆದುಕೊಂಡಿದ್ದು, ವರ್ಷ ವರ್ಷಕ್ಕೆ ಮುಂದುವರಿಸುವ ಕೆಲಸ. ಹೊಸ ಮೆಷಿನ್ನಿನ ತರಬೇತಿಗೆ ಬೆಂಗಳೂರಿಗೆ ಯಾರು ಹೋಗುವುದು ಎಂಬ ಮಾತು ಬಂದಾಗ ನಾನು ಹೊಸ ಸೀರೆಯನ್ನೂ ಎತ್ತಿಟ್ಟಿದ್ದೆ. ಮೇಡಂ ಅವಳ ಹೆಸರು ಬರೆದರು. ನನ್ನ ಮುಖ ನೋಡಿ, "ನಿನಗೆ ಈ ವಯಸ್ಸಲ್ಲಿ ಯಾಕಮ್ಮ ಓಡಾಟ" ಎಂದರು. ನನಗಾಗ ನಲವತ್ತಾರು. ಈ ವಯಸ್ಸಂತೆ! ಮೇಡಂಗೆ ನನಗಿಂತ ಎಂಟು ವರ್ಷ ಜಾಸ್ತಿ.

ಅಲ್ಲಿಂದ ಶುರುವಾಯಿತು ನೋಡಿ. ಅವಳು ಏನು ಮಾಡಿದರೂ ನನಗೆ ಚುಚ್ಚುತ್ತಿತ್ತು. ಅವಳ ಅಕ್ಷರ ಅಚ್ಚು ಹಾಕಿದ ಹಾಗಿತ್ತು, ಅದಕ್ಕೆ ಹೊಟ್ಟೆಯುರಿ. ಇಂಗ್ಲಿಷಿನ ದಪ್ಪ ಪುಸ್ತಕವನ್ನು ಮಧ್ಯಾಹ್ನ ಮುದ್ದೆ ಉಣ್ಣುತ್ತಾ ಓದುತ್ತಿದ್ದಳು, ಅದಕ್ಕೂ ಹೊಟ್ಟೆಯುರಿ. ಬೇರೆ ಊರಿನಿಂದ ಬರುವ ಸಂಶೋಧಕರು ಬಾಗಿಲಲ್ಲಿ ಇಣುಕಿ ನನ್ನನ್ನು ದಾಟಿ ಅವಳ ಮೇಜಿನ ಕಡೆ ಹೋಗತೊಡಗಿದರು. ಮೇಡಂ ಅವಳನ್ನು 'ಪುಟ್ಟಿ' ಎಂದು ಕರೆಯತೊಡಗಿದರು. ಹನ್ನೊಂದು ವರ್ಷದಲ್ಲಿ ನನ್ನನ್ನು ಒಂದು ದಿನವೂ ಹಾಗೆ ಕರೆದವರಲ್ಲ. ಕರೆದಿದ್ದರೆ ನಗೆಪಾಟಲಾಗುತ್ತಿತ್ತು ಎನ್ನುವುದು ಬೇರೆ ಮಾತು.

ಒಂದು ಸಲ ನನ್ನ ತೂತಿನ ಮೆಷಿನ್ನಿನಲ್ಲಿ ಎಲ್ಲೋ ಗಾಳಿ ಸೋರುತ್ತಿತ್ತು. ಒಂದು ವಾರ ಹುಡುಕಿದೆ. ನಟ್ಟು ಬಿಚ್ಚಿದೆ, ಬಿಗಿದೆ, ಕಂಪನಿಗೆ ಫೋನು ಮಾಡಿದೆ, ದೇವರಿಗೆ ಹರಕೆ ಹೊತ್ತೆ. ಅವಳು ಬಂದು ಹತ್ತು ನಿಮಿಷ ಬಗ್ಗಿ ನೋಡಿ, "ಅಕ್ಕ, ಈ ರಬ್ಬರ್ ಉಂಗುರ ಬಿರುಕು ಬುಟ್ಟದೆ ಕಣಕ್ಕ" ಎಂದಳು. ಹೌದು, ಕೂದಲೆಳೆಯಷ್ಟು ಬಿರುಕು. ಮಧ್ಯಾಹ್ನ ಮೇಡಂ ಕೇಳಿದಾಗ ಅವಳು, "ಅಕ್ಕಾನೇ ಕಂಡ್ಹಿಡಿದ್ರು ಮೇಡಂ" ಎಂದುಬಿಟ್ಟಳು. ಕೇಳಿ ನನಗೆ ಸಂತೋಷವಾಗಬೇಕಲ್ಲವೇ? ಸುಟ್ಟುಕೊಂಡು ಹೋದೆ. ಅವಳು ನನಗೆ ದಾನ ಮಾಡುತ್ತಿದ್ದಾಳೆ, ಅದೂ ನನ್ನದೇ ರೂಮಿನಲ್ಲಿ! ಆ ದಿನ ಮನೆಗೆ ಬಂದು ಪಾತ್ರೆ ಕುಕ್ಕಿದ್ದಕ್ಕೆ ನಮ್ಮೆಜಮಾನರು, "ಯಾರ್ ಮ್ಯಾಲಿನ್ ಸಿಟ್ಟು ಪಾತ್ರೆ ಮ್ಯಾಲ್ ತೀರ್ಸ್ತಿದ್ದೀಯಲೇ?" ಎಂದರು. ನಾನು ಇನ್ನೊಂದು ಪಾತ್ರೆ ಕುಕ್ಕಿದೆ.

ಹೋದ ವರ್ಷ ದಸರೆಗೆ ಮುಂಚೆ ಅವಳು ಒಂದು ತಿಂಗಳು ಕೂತು ಆರು ಬಗೆಯ ಪುಡಿ ತಯಾರಿಸಿದಳು. ಸಿಪ್ಪೆಯನ್ನು ಸುಡುವುದು, ಬೂದಿಯನ್ನು ಆಮ್ಲದಲ್ಲಿ ತೊಳೆಯುವುದು, ಸೋಸುವುದು, ಒಣಗಿಸುವುದು, ಮತ್ತೆ ಸುಡುವುದು. ಕೊನೆಗೆ ಒಂದೊಂದು ಬಗೆಯಲ್ಲಿ ಸಿಕ್ಕಿದ್ದು ಎರಡು ಮೂರು ಚಮಚ. ಬೂದು ಬಿಳಿ ಬಣ್ಣದ, ಮುಟ್ಟಿದರೆ ಬೆರಳಿಗೆ ರೇಷ್ಮೆಯಂತೆ ಹತ್ತುವ ಪುಡಿ. ಆ ಆರರ ಗಾತ್ರವನ್ನೂ ತೂತಿನ ಲೆಕ್ಕವನ್ನೂ ಸೇರಿಸಿ ತಿಂಗಳ ಕೊನೆಗೆ ವರದಿ ಕಳಿಸಬೇಕಿತ್ತು. ಮೇಡಂ ನನ್ನೆದುರಿಗೇ ಅವಳಿಗೆ ಹೇಳಿದರು: "ವರದಿ ಸರಿಯಾಗಿ ಹೋದರೆ ನಿನ್ನನ್ನು ಇನ್ನೂ ಮೂರು ವರ್ಷ ಇಟ್ಟುಕೊಳ್ಳಬಹುದು ಪುಟ್ಟಿ. ಹೋಗದಿದ್ದರೆ ನನ್ನ ಕೈಲಿ ಏನೂ ಇಲ್ಲ." ಅವಳು ಸರಿ ಮೇಡಂ ಎಂದಳು. ಇನ್ನೂ ಮೂರು ವರ್ಷ ಇವಳ ಮುಖ ನೋಡಬೇಕಲ್ಲ ಎಂದುಕೊಂಡೆ ನಾನು.

ಆಯುಧ ಪೂಜೆಯ ರಜಕ್ಕೆ ಮುಂಚಿನ ದಿನ ನಮ್ಮಲ್ಲಿ ಮೆಷಿನ್ನುಗಳಿಗೆ ಪೂಜೆ ಮಾಡುವ ರೂಢಿ. ತಕ್ಕಡಿಗೆ, ಒಲೆಗೆ, ಕಂಪ್ಯೂಟರಿಗೆ, ಎಲ್ಲಕ್ಕೂ ಅರಿಶಿನ ಕುಂಕುಮ, ಚೆಂಡುಹೂವು. ಬಾಗಿಲಲ್ಲಿ ಬೂದುಗುಂಬಳಕಾಯಿ. ಮೆಷಿನ್ ರೂಮಿನ ಪೂಜೆ ಪ್ರತಿ ವರ್ಷವೂ ನನ್ನದೇ. ಮೊದಲ ವರ್ಷ ಭಕ್ತಿ ಹೆಚ್ಚಾಗಿ ಒಳಗೇ ಸಾಂಬ್ರಾಣಿ ಹಾಕಿ, ಎಲ್ಲಕ್ಕೂ ವಿಭೂತಿ ಬಳಿದು, ತೆರೆದಿಟ್ಟಿದ್ದ ಪುಡಿಗಳೆಲ್ಲ ಕೆಟ್ಟು ಮೇಡಂ ಕೈಲಿ ಬಾಯಿಗೆ ಬಂದಂತೆ ಬೈಸಿಕೊಂಡಿದ್ದೆ. ಅಲ್ಲಿಂದಾಚೆಗೆ ನನ್ನದೊಂದು ಕ್ರಮ. ಪೂಜೆಗೆ ಮುಂಚೆ ಸ್ಯಾಂಪಲ್ಲುಗಳಿಗೆಲ್ಲ ಮುಚ್ಚಳ ಹಾಕಿ ಪಕ್ಕದ ರೂಮಿಗೆ ಸಾಗಿಸುವುದು. ಮೆಷಿನ್ನಿನ ಬಾಯಿಗಳಿಗೆ ಬಿರಡೆ. ಮೇಲೊಂದು ಹಳೇ ಸೀರೆ. ಕುಂಕುಮ ಹೊರಗಿನ ತಗಡಿಗೆ ಮಾತ್ರ. ವಿಭೂತಿ ತಟ್ಟೆ ಬಾಗಿಲಿನಿಂದ ಈಚೆಗೇ. ಕೊನೆಗೆ ಲಾಗ್ ಬುಕ್ಕಿನಲ್ಲಿ ಒಂದು ಸಾಲು. ಇದನ್ನು ಯಾರಿಗೂ ಹೇಳಿಕೊಡುವ ಪ್ರಮೇಯ ಬಂದಿರಲಿಲ್ಲ, ಮಾಡುವವಳು ನಾನೊಬ್ಬಳೇ ಆಗಿದ್ದರಿಂದ.

ಆ ವರ್ಷ ಮೇಡಂ, "ಈ ಸಲ ಪೂಜೆ ಪುಟ್ಟಿ ಮಾಡಲಿ. ಹೊಸ ಮೆಷಿನ್ನು, ಹೊಸ ಕೈ" ಎಂದರು. ನನ್ನ ಕೈಯಲ್ಲಿ ಹೂವಿನ ಪೊಟ್ಟಣ ಹಾಗೇ ಉಳಿಯಿತು. ಅವಳು ನನ್ನ ಹತ್ತಿರ ಬಂದು ಮೆತ್ತಗೆ, "ಅಕ್ಕ, ಇಲ್ಲಿ ಎಂಗ್ ಮಾಡ್ಬೇಕು ಅಂತ ನಂಗೊತ್ತಿಲ್ಲ. ವಸಿ ಏಳ್ಕೊಡಿ" ಎಂದಳು.

ನಾನು, "ಮನೇಲಿ ಎಂಗ್ ಮಾಡ್ತೀಯೋ ಅಂಗೇ ಮಾಡಮ್ಮ. ಅದ್ರಲ್ಲೇನಿದ್ದದು ಏಳ್ಕೊಡಕೆ" ಎಂದೆ.

ಅಷ್ಟೇ ನಾನಾಡಿದ್ದು. ಪಾಪ, ಅವಳು ಮನೆಯಲ್ಲಿ ಮಾಡಿದ ಹಾಗೆಯೇ ಮಾಡಿದಳು. ಶ್ರದ್ಧೆಯಿಂದ ಮಾಡಿದಳು. ಮೆಷಿನ್ನಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದಳು, ಸಾಂಬ್ರಾಣಿ ಹಾಕಿದಳು, ಎಲ್ಲರೂ ಹಚ್ಚಿಕೊಳ್ಳಲಿ ಎಂದು ವಿಭೂತಿ ಪುಡಿಯ ತಟ್ಟೆಯನ್ನು ಉದ್ದ ಮೇಜಿನ ತುದಿಯಲ್ಲಿಟ್ಟಳು. ಅದೇ ಮೇಜಿನ ಮೇಲೆ ಅವಳ ಆರು ಪುಡಿಗಳು ಒಲೆಯಿಂದ ಇಳಿದು, ಗಾಜಿನ ತಟ್ಟೆಗಳಲ್ಲಿ ಬಾಯ್ತೆರೆದು ಸಾಲಾಗಿ ಕೂತಿದ್ದವು. ಹೊಗೆ ಜಾಸ್ತಿಯಾಗಿ ಮೇಡಂ ಕೆಮ್ಮಿದರು. ಯಾರೋ ಫ್ಯಾನು ಹಾಕಿದರು. ತಟ್ಟೆಯ ವಿಭೂತಿ ಮೆಲ್ಲಗೆ ಎದ್ದು, ಮೇಜಿನುದ್ದಕ್ಕೂ ಹರಡಿ, ಆ ಆರೂ ತಟ್ಟೆಗಳ ಮೇಲೆ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಎರಡಕ್ಕೂ ಒಂದೇ ಬಣ್ಣ. ಇಳಿದ ಮೇಲೆ ಗುರುತೇ ಇಲ್ಲ. ಎಲ್ಲರೂ ಮಂಗಳಾರತಿಯ ಕಡೆ ತಿರುಗಿದ್ದರು. ಒಂದು ವೃತ್ತಪತ್ರಿಕೆ ಎಳೆದು ಮುಚ್ಚಿದ್ದರೆ ಸಾಕಿತ್ತು, ನನ್ನ ಮೊಣಕೈ ಪಕ್ಕದಲ್ಲೇ ಬಿದ್ದಿತ್ತು. ನಾನು ಕಡ್ಲೆಪುರಿಯ ಪೊಟ್ಟಣ ಬಿಚ್ಚಿ ತಿನ್ನತೊಡಗಿದೆ.

ರಜ ಮುಗಿಸಿ ಬಂದ ದಿನ ಅವಳು ಮೊದಲನೇ ಪುಡಿಯನ್ನು ಮೆಷಿನ್ನಿಗೆ ಹಾಕಿದಳು. ಎಡಗಡೆ ಚೂಪಾದ ಒಂದು ಗುಡ್ಡ. ಅದು ಅವಳ ಪುಡಿಯದು. ಬಲಗಡೆ ಇನ್ನೊಂದು, ಗಿಡ್ಡದು, ಅಗಲದ್ದು. "ಇದ್ಯಾವ್ದಪ್ಪ ಇದು?" ಎಂದಳು. ನೀರು ಚೆಲ್ಲಿ ಹೊಸ ನೀರು ತುಂಬಿದಳು. ಬರೀ ನೀರನ್ನು ಅಳೆದಳು, ಗೆರೆ ನೆಟ್ಟಗಿತ್ತು. ಎರಡನೇ ಪುಡಿ ಹಾಕಿದಳು. ಎರಡು ಗುಡ್ಡ. ಮೂರನೆಯದು, ನಾಲ್ಕನೆಯದು, ಎಲ್ಲದರಲ್ಲೂ ಅದೇ ಗಿಡ್ಡ ಗುಡ್ಡ ಅದೇ ಜಾಗದಲ್ಲಿ.

ಆ ದಿನಗಳಲ್ಲಿ ನಾನು ಎಷ್ಟು ಸುಖವಾಗಿದ್ದೆ ಎಂದು ಹೇಳಲು ನನಗೀಗ ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ. ಅವಳು ಮೆಷಿನ್ನಿನ ಕೊಳವೆಗಳನ್ನೆಲ್ಲ ಬಿಚ್ಚಿ ತೊಳೆಯುತ್ತಿದ್ದರೆ ನಾನು ನನ್ನ ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ. ಪುಡಿ ಗಂಟು ಕಟ್ಟಿರಬಹುದೆಂದು ಅದನ್ನು ಐದು ನಿಮಿಷ, ಹತ್ತು ನಿಮಿಷ, ಅರ್ಧ ಗಂಟೆ ಅಲುಗಿಸಿ ನೋಡಿದಳು. ಬೆಂಗಳೂರಿನ ಕಂಪನಿಗೆ ಫೋನಿನ ಮೇಲೆ ಫೋನು ಮಾಡಿದಳು. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತು. ಮೇಡಂ ದಿನಕ್ಕೆರಡು ಸಲ ಬಂದು ಗಡಿಯಾರ ನೋಡಿ ಹೋಗುತ್ತಿದ್ದರು. ಪುಟ್ಟಿ ಎನ್ನುವುದು ನಿಂತು, "ನೋಡಮ್ಮ" ಎನ್ನುವುದು ಶುರುವಾಯಿತು. ಆ "ನೋಡಮ್ಮ" ಕೇಳಿದ ಸಂಜೆ ನಾನು ಮದ್ದೂರು ಸ್ಟೇಷನ್ನಿನಲ್ಲಿ ಇಳಿದು, ಬಿಸಿ ವಡೆ ಕಟ್ಟಿಸಿಕೊಂಡು ಮನೆಗೆ ಹೋದೆ. "ಏನಮ್ಮೀ ಇವತ್ತು, ಬಾರಿ ಕುಸಿ?" ಎಂದರು ನಮ್ಮೆಜಮಾನರು. ಏನೂ ಇಲ್ಲ ತಿನ್ನಿ ಎಂದೆ.

ಎಂಟನೇ ದಿನ ಅವಳು ಕುರ್ಚಿ ಎಳೆದುಕೊಂಡು ನನ್ನೆದುರು ಬಂದು ಕೂತಳು. ರೂಮಿನಲ್ಲಿ ನಾವಿಬ್ಬರೇ.

"ಅಕ್ಕ, ಪೂಜೆ ದಿನ ನೀವು ಆ ಮೇಜಿನ್ ತಾವೇ ನಿಂತಿದ್ರಿ ಅಲ್ವಾ?"

"ನಿಂತಿದ್ದೆ. ಯಾಕೆ?"

"ನನ್ ಪುಡಿ ಮ್ಯಾಲೆ ಏನಾದ್ರೂ ಬಿದ್ದದ್ದು ಕಂಡ್ರಾ?"

ಹೇಳಿಬಿಡಬಹುದಿತ್ತು. ಇನ್ನೂ ಎಂಟು ಹತ್ತು ದಿನ ಬಾಕಿಯಿತ್ತು, ಇನ್ನೊಂದು ಒಬ್ಬೆ ಪುಡಿ ಮಾಡಿಕೊಳ್ಳಲು ಮೇಡಂ ಕೈಕಾಲು ಹಿಡಿದು ಇನ್ನಷ್ಟು ದಿನ ಕೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. "ನಂಗೇನ್ ಗೊತ್ತಮ್ಮಿ? ನಾನು ಪುರಿ ತಿಂತಾ ನಿಂತಿದ್ದೆ. ನಿನ್ ಪುಡಿ ಕಾಯೋದೇ ನನ್ ಕೆಲ್ಸ್ವಾ?"

ಅವಳು "ಸರಿ ಬುಡಿ ಅಕ್ಕ" ಎಂದು ಎದ್ದು ಹೋದಳು. ಸಂಜೆ "ಬತ್ತೀನಿ" ಎನ್ನಲಿಲ್ಲ. ನನಗೆ ಅದು ಗೊತ್ತಾದದ್ದು ರೈಲು ಹತ್ತಿದ ಮೇಲೆ.

ಎರಡು ದಿನ ಅವಳು ಬರಲಿಲ್ಲ. ಮೂರನೆಯ ದಿನ ಮೇಡಂ ನನ್ನನ್ನು ಕರೆದು ಒಂದು ಕಾಗದ ತೋರಿಸಿದರು. ಅದೇ ಅಚ್ಚು ಹಾಕಿದಂಥ ಅಕ್ಷರ. ಪುಡಿಗಳನ್ನು ಮುಚ್ಚದೆ ಬಿಟ್ಟದ್ದು ತನ್ನದೇ ತಪ್ಪು, ಅವುಗಳಲ್ಲಿ ಬೇರೆ ಪುಡಿ ಬೆರೆತಿದೆ, ಮೆಷಿನ್ನು ಸರಿಯಾಗಿದೆ, ತಾನು ಮುಂದೆ ಕೆಲಸಕ್ಕೆ ಬರುವುದಿಲ್ಲ ಎಂದು ಬರೆದಿದ್ದಳು. ನನ್ನ ಬಗ್ಗೆ ಒಂದಕ್ಷರ ಇರಲಿಲ್ಲ. ಮೇಡಂ ಇನ್ನೊಂದು ಕಾಗದ ಮುಂದಿಟ್ಟು, "ರೂಮಿನಲ್ಲಿ ಎಲ್ಲ ಕ್ರಮ ಪ್ರಕಾರವೇ ಇತ್ತು, ಇದು ಅವಳ ಅಜಾಗರೂಕತೆ ಅಂತ ಹಿರಿಯಳಾಗಿ ನೀನೊಂದು ರುಜು ಹಾಕಮ್ಮ, ಮೇಲಿನವರಿಗೆ ತೋರಿಸಬೇಕು" ಎಂದರು.

ಹಾಕಿದೆ. ಕೆಳಗೆ ತಾರೀಖನ್ನೂ ಬರೆದೆ.

ಬಯಸಿದ್ದು ಸಿಕ್ಕಿತು ಎಂದು ಹಾಯಾಗಿರಬೇಕಿತ್ತು. ಎರಡು ದಿನ ಅನ್ನ ಸೇರಲಿಲ್ಲ. ಅವಳ ಖಾಲಿ ಕುರ್ಚಿ ನೋಡಿದರೆ ಮೊದಲು ಖುಷಿ, ಬೆನ್ನಿಗೇ ಎದ್ದು ಅದನ್ನು ಗೋಡೆಯ ಕಡೆ ತಿರುಗಿಸಿಡುತ್ತಿದ್ದೆ. ಶನಿವಾರ ನಮ್ಮೆಜಮಾನರ ಎದುರು ಎಲ್ಲ ಕಕ್ಕಿಬಿಟ್ಟೆ. ಅವರು ಕೇಳುತ್ತಾ ಕೇಳುತ್ತಾ ಕೈಯಲ್ಲಿದ್ದ ಕಾಫಿ ಕೆಳಗಿಟ್ಟರು. "ಥೂ ನಿನ್ನ! ಆ ಮಗೀಗೆ ಒಂದ್ ಮಾತು ಏಳಿದ್ರೆ ನಿನ್ ಗಂಟೇನ್ ಓಯ್ತಿತ್ತು? ನಿಂಗೇನ್ ಬಂದಿತ್ತು ರೋಗ? ನಾಳೆ ಓಗಿ ಅವ್ಳ ಮುಂದೆ ನಿಂತ್ಕಂಡು ಏಳ್ಬುಟ್ಟು ಬಾ. ಅಲ್ಲೀಗಂಟ ನನ್ ಮಾತಾಡಿಸ್ಬೇಡ." ಮೂವತ್ತು ವರ್ಷದ ಸಂಸಾರದಲ್ಲಿ ಅವರು ನನ್ನ ಮೇಲೆ ಹಾಗೆ ಥೂ ಎಂದದ್ದು ಅದೇ ಮೊದಲು.

ಭಾನುವಾರ ಮಳವಳ್ಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮಳವಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು, ಅವಳ ಊರಿನಲ್ಲಿ ನಾಲ್ಕು ಜನರನ್ನು ಕೇಳಿ ಮನೆ ಹುಡುಕಿದೆ. ಅವಳು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ಕಂಡು ಆಶ್ಚರ್ಯಪಟ್ಟ ಹಾಗೆ ಕಾಣಲಿಲ್ಲ. "ಬನ್ನಿ ಅಕ್ಕ, ಕೂತ್ಕಳಿ" ಎಂದು ಚಾಪೆ ಸರಿಸಿ, ಒಳಗೆ ಹೋಗಿ ತಾನೇ ಕಾಫಿ ತಂದಳು.

ಜೋಡಿಸಿಕೊಂಡ ಮಾತೆಲ್ಲ ಬಿದ್ದುಹೋಯಿತು. "ವಿಭೂತಿ ಕಣಮ್ಮಿ. ಫ್ಯಾನ್ ಗಾಳಿಗೆ ನಿನ್ ಪುಡಿ ಮ್ಯಾಲೆ ಆರ್‍ತು. ನಾನು ನೋಡ್ದೆ. ನೋಡ್ಕಂಡು ಸುಮ್ಕಿದ್ದೆ" ಎಂದೆ.

"ಗೊತ್ತು" ಎಂದಳು.

ಫೋನು ತೆಗೆದು ಒಂದು ಚಿತ್ರ ತೋರಿಸಿದಳು. ಮೆಷಿನ್ನಿನ ಪರದೆಯ ಚಿತ್ರ. ಒಂದು ಗೆರೆ ಅವಳ ಪುಡಿಯದು, ಎರಡು ಗುಡ್ಡದ್ದು. ಅದರ ಮೇಲೆ ಕೆಂಪು ಬಣ್ಣದಲ್ಲಿ ಇನ್ನೊಂದು ಗೆರೆ, ಒಂದೇ ಗುಡ್ಡದ್ದು. ಆ ಕೆಂಪು ಗುಡ್ಡ, ಅವಳ ಪುಡಿಯ ಎರಡನೇ ಗುಡ್ಡದ ಮೇಲೆ ಕರಾರುವಾಕ್ಕಾಗಿ ಕೂತಿತ್ತು.

"ಲ್ಯಾಬಲ್ಲಿ ದೇವ್ರ ಪಟದ್ ತಾವ ಪೊಟ್ಣದಲ್ಲಿ ವಿಭೂತಿ ಮಿಕ್ಕಿತ್ತಲ್ಲ. ಬರೀ ಅದೊಂದನ್ನೇ ನೀರಿಗಾಕಿ ಅಳೆದೆ" ಎಂದಳು. "ಏಳ್ನೇ ದಿನ."

ನಾನು ನಿಜ ಹೇಳುತ್ತೇನೆ. ಅಪರಾಧಿಯಾಗಿ ಅವಳ ಜಗಲಿಯಲ್ಲಿ ಕೂತಿದ್ದವಳು ನಾನು. ನನಗೆ ಮೊದಲು ನಾಚಿಕೆಯಾಗಬೇಕಿತ್ತು. ಆದರೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ಎಂಥ ಸುಲಭದ ಉಪಾಯ! ಅನುಮಾನ ಇರುವುದನ್ನೇ ಒಂಟಿಯಾಗಿ ಅಳೆದು, ಗುಡ್ಡಕ್ಕೆ ಗುಡ್ಡ ತಾಳೆ ನೋಡುವುದು. ಹನ್ನೊಂದು ವರ್ಷ ಮೆಷಿನ್ನಿನ ಪಕ್ಕದಲ್ಲಿ ಕೂತವಳಿಗೆ ನನಗೆ ಇದು ಹೊಳೆಯುತ್ತಿತ್ತೇ? ಹೊಳೆಯುತ್ತಿರಲಿಲ್ಲ. ಮೊದಲ ವರ್ಷ ನನ್ನ ಕೈಯಲ್ಲಿ ಪುಡಿ ಕೆಟ್ಟಾಗ ಯಾಕೆ ಕೆಟ್ಟಿತೆಂದು ಕಂಡುಹಿಡಿದದ್ದೂ ನಾನಲ್ಲ, ಮೇಡಂ.

ನಾಚಿಕೆ ಆಮೇಲೆ ಬಂತು. ಏಳನೇ ದಿನ ಎಂದಿದ್ದಳಲ್ಲ, ಆ ಲೆಕ್ಕ ಆಗ ತಲೆಗೆ ಹೋಯಿತು.

"ಅಂಗಾದ್ರೆ ಎಂಟ್ನೇ ದಿನ ನನ್ ಕೇಳ್ದಲ್ಲ..."

"ಗೊತ್ತಿದ್ದೇ ಕೇಳ್ದೆ ಅಕ್ಕ. ಲಾಗ್ ಬುಕ್ಕೂ ತಿರುವಾಕಿದ್ದೆ. ವರ್ಷಾ ವರ್ಷಾನೂ ನಿಮ್ ಕೈಲೇ ಬರ್ದದೆ, ಪೂಜೆಗೆ ಮುಂಚೆ ಸ್ಯಾಂಪಲ್ ಮುಚ್ಚಿ ಪಕ್ಕದ್ ರೂಮಿಗೆ ಮಡಗ್ದೆ ಅಂತ. ಈ ವರ್ಷ ಮಾತ್ರ ಇಲ್ಲ." ಅವಳು ಒಂದು ಅವರೆಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದಳು. "ನಿಮ್ ಬಾಯಲ್ಲಿ ಬತ್ತದೇನೋ ಅಂತ ಕೇಳ್ದೆ. ಬಂದಿದ್ರೆ ಇಬ್ರೂ ಓಗಿ ಮೇಡಂಗೆ ಏನೋ ಒಂದು ಏಳ್ಬೋದಿತ್ತು."

"ನಾಳೆ ನಾನೇ ಓಗಿ ಏಳ್ತೀನಿ. ತಪ್ಪು ನಂದು ಅಂತೀನಿ. ನೀನು ವಾಪಸ್ ಬಾ."

"ಬರಕಿಲ್ಲ ಅಕ್ಕ."

"ಯಾಕಮ್ಮಿ? ನಾನೇ ಏಳ್ತೀನಿ ಅಂತಿಲ್ವಾ?"

ಅವಳಿಗೆ ಆಗ ಸಿಟ್ಟು ಬಂತು. ಇಡೀ ಒಂದು ವರ್ಷದಲ್ಲಿ ನಾನು ಅವಳ ಸಿಟ್ಟು ನೋಡಿದ್ದು ಅದೊಂದೇ ಸಲ. "ನನ್ ಕಂಡ್ರೆ ಆಗಕಿಲ್ಲ ಅನ್ನೋರ್ ಜೊತೆ ಕೆಲ್ಸ ಮಾಡ್ಬೋದು. ಒಂದ್ ವರ್ಷ ಮಾಡ್ಲಿಲ್ವಾ? ನಿಮ್ಗೆ ನನ್ ಕಂಡ್ರಾಗಲ್ಲ ಅಂತ ನಂಗೆ ಮೊದಲ್ನೇ ತಿಂಗ್ಳೇ ಗೊತ್ತಿತ್ತು. ಆದ್ರೆ ನಾನ್ ಬೀಳೋದ ನೋಡ್ಕಂಡು ಪುರಿ ತಿನ್ನೋರ್ ಪಕ್ಕ ಕುಂತ್ಕಳಕಾಗಲ್ಲ. ನಾಳೆ ನನ್ ಕಾಲಿಗ್ ಆಸಿಡ್ ಚೆಲ್ಲಿದ್ರೂ ನೀವ್ ನೋಡ್ತಾ ಕೂತಿರ್ತೀರಿ."

ಇಲ್ಲ ಎನ್ನಲು ಬಾಯಿ ತೆರೆದೆ. ಎದೆ ಮುಟ್ಟಿಕೊಂಡು ಇಲ್ಲ ಎನ್ನುವ ಧೈರ್ಯ ಬರಲಿಲ್ಲ. ಕಾಫಿ ತಣ್ಣಗಾಗಿತ್ತು, ಕುಡಿದೆ. ಅವಳು ಎದ್ದು ಬಸ್ಸಿನ ತನಕ ಬಂದಳು, ದಾರಿ ತಪ್ಪೀತು ಎಂದು.

ಸೋಮವಾರ ಮೇಡಂ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ನನ್ನೆದುರಿಗೇ ಅವಳಿಗೆ ಫೋನು ಮಾಡಿದರು. ಮೂರು ನಿಮಿಷ ಮಾತಾಡಿ ಇಟ್ಟರು. "ಬರಲ್ವಂತೆ. ಮಳವಳ್ಳಿಯಲ್ಲಿ ಒಂದು ಸ್ಕೂಲಿಗೆ ಸೇರ್ತಾಳಂತೆ, ಎಂಟನೇ ಕ್ಲಾಸಿಗೆ ವಿಜ್ಞಾನ ಪಾಠ ಮಾಡೋಕೆ" ಎಂದರು. ನನ್ನನ್ನು ಬೈಯುತ್ತಾರೆ, ಮೇಲಿನವರಿಗೆ ಬರೆಯುತ್ತಾರೆ ಎಂದು ಕಾದೆ. ಅವರು ಡ್ರಾಯರಿನಿಂದ ಹೊಸ ಮೆಷಿನ್ನಿನ ಕಪಾಟಿನ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. "ಇನ್ನೇನು ಮಾಡ್ಲಿ? ಎರಡೂ ನೀನೇ ನೋಡ್ಕೊ. ನನಗೆ ಬೇರೆ ಯಾರಿದ್ದಾರೆ" ಎಂದರು. ಅಂದಿನಿಂದ ಅವರು ನನ್ನ ಮುಖ ನೋಡಿ ಮಾತಾಡುವುದು ಕಡಿಮೆ.

ಹೊಸ ಮೆಷಿನ್ನನ್ನು ಕಲಿತೆ. ಬಿದ್ದು ಎದ್ದು ಕಲಿತೆ. ಈಗ ಪರವಾಗಿಲ್ಲ. ಹೋದ ತಿಂಗಳು ಮದ್ದೂರಿನ ಒಂದು ಕಾಲೇಜಿನಿಂದ ಉಪನ್ಯಾಸಕಿಯೊಬ್ಬರು ತಮ್ಮ ಪಿಎಚ್‌ಡಿ ಪುಡಿಯನ್ನು ಅಳೆಸಲು ಬಂದಿದ್ದರು. ಎರಡು ಗುಡ್ಡ ಎದ್ದಿತು. ಆಕೆ ಅಳುವ ಹಾಗಾದರು. ಪುಡಿಯನ್ನು ಯಾವುದರಲ್ಲಿ ಜರಡಿ ಹಿಡಿದಿರಿ ಎಂದು ಕೇಳಿದೆ. ಮನೆಯ ಜರಡಿಯಲ್ಲಿ, ರಾಗಿ ಹಿಟ್ಟಿನದರಲ್ಲಿ, ತೊಳೆದೇ ಹಿಡಿದೆ ಎಂದರು. ನಾಳೆ ನಿಮ್ಮ ಮನೆಯ ರಾಗಿ ಹಿಟ್ಟು ಒಂದು ಚಮಚ ತನ್ನಿ ಎಂದೆ. ಮರುದಿನ ಬರೀ ರಾಗಿ ಹಿಟ್ಟನ್ನು ನೀರಿಗೆ ಹಾಕಿ ಅಳೆದು, ಒಂದರ ಮೇಲೊಂದು ಗೆರೆ ಇಟ್ಟು ತೋರಿಸಿದೆ. ಗುಡ್ಡಕ್ಕೆ ಗುಡ್ಡ ಕೂತಿತು.

ಆಕೆ ಕೈ ಮುಗಿಯುವುದೊಂದು ಬಾಕಿ. "ಅಬ್ಬಾ! ಯಾರು ಹೇಳಿಕೊಟ್ಟರು ಮೇಡಂ ನಿಮಗೆ ಈ ಉಪಾಯ?" ಎಂದರು.

"ಯಾರ್ ಏಳ್ಕೊಡ್ತಾರೆ? ಎಲ್ಲಾ ಅನುಭವ ಕಣಮ್ಮ" ಎಂದೆ.

ತಮ್ಮ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರು ಹಾಕುತ್ತೇನೆ ಎಂದು ಆಕೆ ಡೈರಿ ತೆಗೆದರು. ನಾನು ಬೇಡ ಎನ್ನಲಿಲ್ಲ. ಅಕ್ಷರ ತಪ್ಪಾಗಬಾರದೆಂದು ಪೆನ್ನು ಇಸಿದುಕೊಂಡು ನಾನೇ ಬರೆದುಕೊಟ್ಟೆ.